ಸಹಾಯ ಬೇಕು: 14 ತುಂಬಿದ ಹುಡುಗಿಗೆ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅನ್ವಯಿಸುತ್ತದಾ?

ನಮಸ್ಕಾರ. ಇಲ್ಲಿ ವಕೀಲರು, ಮೇಷ್ಟ್ರುಗಳು ಇದ್ದರೆ ಸ್ವಲ್ಪ ನೋಡಿ. ಪಕ್ಕದ ಸೈಟಿನಲ್ಲಿ ಗಾರೆ ಕೆಲಸಕ್ಕೆ ಬಂದವರ ಮಗಳು ಐದನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದಳು. ಊರು ರಾಯಚೂರು ಕಡೆ. ಈಗ ಮತ್ತೆ ಓದಬೇಕು ಅನ್ನುತ್ತಾಳೆ. ಆದರೆ ಮೊನ್ನೆ ತಾನೇ 14 ತುಂಬಿತು.

ಹತ್ತಿರದ ಸರ್ಕಾರಿ ಶಾಲೆಯಲ್ಲಿ ಮೊದಲು ಟಿಸಿ ಕೇಳಿದರು. ಟಿಸಿ ತಡವಾದರೂ ಸೇರಿಸಿಕೊಳ್ಳಬೇಕು ಅಂತ ಕಾಯ್ದೆಯ 5ನೇ ಸೆಕ್ಷನ್ ತೋರಿಸಿದೆ. ಆಮೇಲೆ ವಯಸ್ಸಿನ ಮಾತು ತೆಗೆದರು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲೂ ಬರೀ ಬಾಯಿಮಾತು. ಬರೆದು ಕೊಡಿ ಅಂದರೆ ಯಾರೂ ಕೊಡುವುದಿಲ್ಲ.

ಗೊಂದಲ ಇಲ್ಲೇ ಇರೋದು. 2009ರ ಆರ್‌ಟಿಇ ಪ್ರಕಾರ ಮಗು ಅಂದರೆ 6ರಿಂದ 14 ವರ್ಷ. ಸಂವಿಧಾನದ 21ಎ ವಿಧಿಯಲ್ಲೂ ಅಷ್ಟೇ. ಆದರೆ 4ನೇ ಸೆಕ್ಷನ್ ಬೇರೆ ಹೇಳುತ್ತದೆ: ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿದರೆ, 14 ದಾಟಿದರೂ ಎಂಟನೇ ಕ್ಲಾಸ್ ಮುಗಿಯುವವರೆಗೆ ಉಚಿತ. ಇನ್ನು ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ 18ರ ಒಳಗಿನವರೆಲ್ಲ ಮಕ್ಕಳೇ, ಅಲ್ವಾ?

ಆ 4ನೇ ಸೆಕ್ಷನ್ 14 ತುಂಬುವ ಮೊದಲೇ ಸೇರಿದವರಿಗೆ ಮಾತ್ರವಾ, ತುಂಬಿದ ಮೇಲೆ ಸೇರುವವರಿಗೂ ಇದೆಯಾ? ದೂರನ್ನು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ನೇರವಾಗಿ ಕೊಡಬಹುದಾ?