ಎಂಟ್ಹತ್ತು ಚೀಲದ ತೂಕ ತಲೆಯಲ್ಲೇ ಕೂಡಿಸೋದು ಹೇಗೆ?

ಗಂಜ್ ಹುಡುಗ:
ಎಲ್ಲರಿಗೂ ನಮಸ್ಕಾರ್ರಿ. ಕಲಬುರಗಿ ನೆಹರು ಗಂಜ್‌ನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯೋ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ಬಿ.ಕಾಂ ಆಗಿದೆ. ಈಗ ತೊಗರಿ ಸೀಸನ್, ಉಸಿರಾಡಲೂ ಪುರುಸೊತ್ತಿಲ್ಲ. ರೈತರು ಮನೆಯಲ್ಲೇ ತುಂಬಿಕೊಂಡು ಬಂದ ಚೀಲ, ಒಂದೊಂದೂ ಒಂದೊಂದು ತೂಕ. ಹಮಾಲರು ಕಾಟಾ ಮೇಲೆ ಇಟ್ಟು ಕೂಗುತ್ತಾರೆ, ನಾನು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ನಿನ್ನೆಯ ಒಂದು ಚೀಟಿ ಹೀಗಿತ್ತು:

52, 49, 51, 47, 53, 50, 48, 54

ನಾನು ಮೊಬೈಲ್ ತೆಗೆದು ಒತ್ತುವಷ್ಟರಲ್ಲಿ ಪಕ್ಕದ ಅಂಗಡಿ ಮುನೀಮರು ಉತ್ತರ ಹೇಳಿಬಿಡುತ್ತಾರೆ. ಅವರದ್ದು ಬಿಡಿ, ಎದುರಿಗೆ ನಿಂತ ರೈತರೂ ಹೇಳುತ್ತಾರೆ! ಶಾಲೆಯಲ್ಲಿ ಕಲಿತ ಹಾಗೆ ಮೊದಲು ಬಿಡಿ ಕೂಡಿಸಿ, ಕೈಯಲ್ಲಿ ಮೂರು ಇಟ್ಟುಕೊಂಡು, ಆಮೇಲೆ ಹತ್ತು ಕೂಡಿಸಲು ಹೋದರೆ ನಡುವೆ ಯಾರಾದರೂ ಮಾತಾಡಿಸಿದರೂ ಸಾಕು, ಎಲ್ಲಾ ಕಲಸಿಹೋಗುತ್ತದೆ. ಬೇರೆ ದಾರಿ ಇದ್ದರೆ ಹೇಳಿ.

ಗಣಿತ ಮಾಸ್ತರ್, ಆಳಂದ:
ಬಿಡಿಯಿಂದ ಶುರು ಮಾಡುವ ದಾರಿ ಕಾಗದಕ್ಕೆ ಚೆನ್ನಾಗಿದೆ. ಅಲ್ಲಿ ಕೈಯಲ್ಲಿ ಉಳಿದದ್ದನ್ನು ಮೇಲೆ ಬರೆದಿಡಬಹುದು. ತಲೆಯಲ್ಲಿ ಬರೆಯಲು ಜಾಗ ಎಲ್ಲಿದೆ? ಅದಕ್ಕೇ ಎಡದಿಂದ ಕೂಡಿಸಿ. ಮೊದಲು ಹತ್ತು, ಆಮೇಲೆ ಬಿಡಿ.

38, 67, 25, 42, 83, 19 ಅಂತ ಇಟ್ಟುಕೊಳ್ಳಿ. 38ಕ್ಕೆ 60 ಸೇರಿಸಿ 98, ಮೇಲೆ 7 ಸೇರಿಸಿ 105. 20 ಸೇರಿಸಿ 125, 5 ಸೇರಿಸಿ 130. ಹೀಗೇ 170, 172. 252, 255. ಕೊನೆಯ 19ಕ್ಕೆ ಇಪ್ಪತ್ತು ಸೇರಿಸಿ ಒಂದು ಕಳೆದರೆ 274. ಯಾವಾಗ ನಿಲ್ಲಿಸಿದರೂ ಅಲ್ಲಿಯವರೆಗಿನ ಪೂರ್ತಿ ಮೊತ್ತ ಬಾಯಲ್ಲೇ ಇರುತ್ತದೆ. ಯಾರೋ ಮಾತಾಡಿಸಿದರೂ ನೆನಪಿಡಬೇಕಾದದ್ದು ಒಂದೇ ಸಂಖ್ಯೆ.

ಪಟ್ಟಿ ಕಣ್ಣೆದುರಿಗೆ ಇದ್ದರೆ ಜೋಡಿ ಹುಡುಕಬಹುದು. 38 ಮತ್ತು 42 ಸೇರಿದರೆ 80. 67 ಮತ್ತು 83 ಸೇರಿದರೆ 150. ಉಳಿದದ್ದು 25 ಮತ್ತು 19, ಅಂದರೆ 44. ಆದರೆ ಬಳಸಿದ ಸಂಖ್ಯೆಗೆ ಪೆನ್ಸಿಲ್‌ನಲ್ಲಿ ಗೀಟು ಹಾಕಿ. ಇಲ್ಲದಿದ್ದರೆ ಒಂದನ್ನು ಎರಡು ಸಲ ಕೂಡಿಸುತ್ತೀರಿ.

ನಿವೃತ್ತ ಮುನೀಮ:
ತಮ್ಮಾ, ಮಾಸ್ತರ್ ಹೇಳಿದ್ದು ಸರಿ. ಎಂಥ ಸಂಖ್ಯೆಗೂ ಆಗುವ ದಾರಿ ಅದು. ಆದರೆ ನಿನ್ನ ಚೀಟಿ ಒಮ್ಮೆ ನೋಡು. ಎಲ್ಲಾ ಐವತ್ತರ ಸುತ್ತಮುತ್ತ ಇವೆ ಅಲ್ವಾ? ಅದಕ್ಕೆ ಅಷ್ಟು ಕಷ್ಟ ಯಾಕೆ?

ಗಂಜ್‌ನಲ್ಲಿ ಲೆಕ್ಕ ಬರೆದೇ ನನ್ನ ತಲೆ ಹಣ್ಣಾಗಿದೆ. ನಾವು ಮಾಡುತ್ತಿದ್ದದ್ದು ಇಷ್ಟೇ. ಪ್ರತಿ ಚೀಲ ಐವತ್ತು ಅಂತ ಹಿಡಿ. ಐವತ್ತಕ್ಕಿಂತ ಎಷ್ಟು ಜಾಸ್ತಿ, ಎಷ್ಟು ಕಡಿಮೆ, ಅದನ್ನು ಮಾತ್ರ ಬಾಯಲ್ಲಿ ಇಟ್ಟುಕೊ. 52 ಬಂತು, ಎರಡು ಜಾಸ್ತಿ. 49 ಬಂತು, ಈಗ ಒಂದೇ ಜಾಸ್ತಿ. 51, ಮತ್ತೆ ಎರಡು. 47, ಒಂದು ಕಡಿಮೆ ಆಯ್ತು. 53, ಎರಡು ಜಾಸ್ತಿ. 50ಕ್ಕೆ ಸುಮ್ನಿರು. 48, ಸರಿಗೆ ಸರಿ. 54, ನಾಲ್ಕು ಜಾಸ್ತಿ. ಮುಗೀತು. ಎಂಟು ಚೀಲಕ್ಕೆ ನಾನೂರು, ಮೇಲೆ ನಾಲ್ಕು. ಕೊನೆ ಚೀಲ ಕಾಟಾದಿಂದ ಇಳಿಯುವಾಗಲೇ ಉತ್ತರ ಸಿದ್ಧ. ಎರಡು ಚೀಲಕ್ಕೆ ಒಂದು ಕ್ವಿಂಟಲ್, ಹಾಗಾಗಿ ಚೀಲದ ಲೆಕ್ಕ ಅರ್ಧ ಮಾಡಿದರೆ ಕ್ವಿಂಟಲ್ ಬಂತು. 4 ಕ್ವಿಂಟಲ್ 4 ಕಿಲೋ. ಇಡೀ ಲೆಕ್ಕದಲ್ಲಿ ನಾಲ್ಕಕ್ಕಿಂತ ದೊಡ್ಡ ಸಂಖ್ಯೆಯನ್ನು ನೀನು ಹೊರಲೇ ಇಲ್ಲ, ನೋಡು. ಚೀಲಗಳು ಅರವತ್ತರ ಸುತ್ತ ಇದ್ದರೆ ಅರವತ್ತು ಹಿಡಿ.

ತೂಕ ಚೆಲ್ಲಾಪಿಲ್ಲಿ ಇದ್ದರೆ, ಮಾಸ್ತರ್ ಕೊಟ್ಟ 38, 67ರ ಹಾಗೆ, ಆಗ ಬೆರಳ ಗೆಣ್ಣು ಬಳಸು. ನೂರು ದಾಟಿದ ತಕ್ಷಣ ಹೆಬ್ಬೆರಳನ್ನು ಒಂದು ಗೆಣ್ಣು ಮುಂದಕ್ಕೆ ಸರಿಸು, ಆ ನೂರನ್ನು ಮರೆತುಬಿಡು. 38ಕ್ಕೆ 67 ಅಂದರೆ ನೂರೈದು. ಒಂದು ಗೆಣ್ಣು, ಬಾಯಲ್ಲಿ ಐದು. 30, 72, ಆಮೇಲೆ 155. ಎರಡನೇ ಗೆಣ್ಣು, ಬಾಯಲ್ಲಿ 55. ಅದಕ್ಕೆ 19 ಸೇರಿಸಿ 74. ಗೆಣ್ಣು ಎಷ್ಟೋ ಅಷ್ಟು ಕ್ವಿಂಟಲ್, ಬಾಯಲ್ಲಿ ಉಳಿದದ್ದು ಕಿಲೋ. ಒಂದು ಕೈಯಲ್ಲಿ ಹೆಬ್ಬೆರಳು ಬಿಟ್ಟು ಹನ್ನೆರಡು ಗೆಣ್ಣು ಇವೆ, ಹನ್ನೆರಡು ಕ್ವಿಂಟಲ್‌ವರೆಗೆ ಚಿಂತೆಯಿಲ್ಲ. ಜೋಡಿ ಹುಡುಕುವುದು ಕಾಟಾ ಮುಂದೆ ನಡೆಯೋದಿಲ್ಲ ಮಾಸ್ತರೆ. ಕೂಗುವವನು ನಮ್ಮ ಜೋಡಿಗಾಗಿ ಕಾಯುತ್ತಾನೇನು?

ಇನ್ನೊಂದು. ಒಬ್ಬ ಹಮಾಲ ಕನ್ನಡದಲ್ಲಿ ಕೂಗುತ್ತಾನೆ, ಇನ್ನೊಬ್ಬ ಹಿಂದಿಯಲ್ಲಿ. ಯಾರು ಹೇಗೇ ಕೂಗಲಿ, ನೀನು ಒಳಗೆ ಒಂದೇ ಭಾಷೆಯಲ್ಲಿ ಎಣಿಸು.

ಎಫ್‌ಡಿಎ ತಯಾರಿ, ಸೇಡಂ:
ನಾನು ಪರೀಕ್ಷೆಗೆ ಓದುತ್ತಿದ್ದೇನೆ, ನನ್ನ ತಾಪತ್ರಯ ಬೇರೆ. ಉತ್ತರ ಸರಿಯೋ ತಪ್ಪೋ ಬೇಗ ತಿಳಿಯಬೇಕು. ಮೊದಲು ಬಿಡಿ ಮಾತ್ರ ಕೂಡಿಸಿ ನೋಡುತ್ತೇನೆ. ಮಾಸ್ತರ್ ಸರ್ ಪಟ್ಟಿಯಲ್ಲಿ ಬಿಡಿಗಳು ಸೇರಿ 34, ಹಾಗಾಗಿ ಉತ್ತರದ ಕೊನೆಗೆ 4 ಇರಲೇಬೇಕು. ಆದರೆ ಪ್ರಶ್ನೆ ತೆಗೆಯುವವರೂ ಜಾಣರು. 264, 274, 284, 294 ಅಂತ ಎಲ್ಲಾ ಆಯ್ಕೆಗೂ ಕೊನೆಗೆ 4 ಇಡುತ್ತಾರೆ.

ಆಗ ಒಂಬತ್ತು ಬಿಡುವ ಪರೀಕ್ಷೆ. ಪ್ರತಿ ಸಂಖ್ಯೆಯ ಅಂಕಿಗಳನ್ನು ಒಂದೇ ಅಂಕಿ ಉಳಿಯುವವರೆಗೆ ಕೂಡಿಸಬೇಕು. 38 ಅಂದರೆ 11, ಅದು 2. ಹೀಗೆ 2, 4, 7, 6, 2, 1. ಒಟ್ಟು 22, ಅಂದರೆ 4. ಆಯ್ಕೆಗಳಲ್ಲಿ 274 ಮಾತ್ರ 13 ಆಗಿ 4ಕ್ಕೆ ಬರುತ್ತದೆ.

ನಿವೃತ್ತ ಮುನೀಮ:
ಜಾಣ ಹುಡುಗಿ. ಆದರೆ ಗಂಜ್‌ನಲ್ಲಿ ಅದೊಂದನ್ನೇ ನಂಬಬೇಡಿ. 47 ಬರೆಯುವಲ್ಲಿ 74 ಬರೆದರೆ ಒಂಬತ್ತರ ಪರೀಕ್ಷೆಗೆ ಗೊತ್ತೇ ಆಗುವುದಿಲ್ಲ, ಎರಡೂ 11. ಚೀಟಿಯಿಂದ ಪುಸ್ತಕಕ್ಕೆ ಇಳಿಸುವಾಗ ಜಾಸ್ತಿ ಆಗುವ ತಪ್ಪೇ ಅದು. ಚೀಟಿಯ ಬಿಡಿಗಳನ್ನು ಕೂಡಿಸಿ ನೋಡಿದರೆ ಮಾತ್ರ ಸಿಕ್ಕಿಬೀಳುತ್ತದೆ. ಅದೇ ಹತ್ತು ಕಿಲೋ ಹೆಚ್ಚುಕಡಿಮೆ ಆದರೆ ಬಿಡಿ ನೋಡಿದವನಿಗೆ ತಿಳಿಯುವುದಿಲ್ಲ, ಒಂಬತ್ತು ಹಿಡಿಯುತ್ತದೆ. ಹತ್ತು ಕಿಲೋ ಅಂದರೆ ಸುಮ್ನೆ ಅಲ್ಲ. 2025-26ರ ತೊಗರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 8000 ರೂಪಾಯಿ. ಆ ಲೆಕ್ಕಕ್ಕೆ ರೈತನ 800 ರೂಪಾಯಿ ಹೋಯಿತು.

ಗಣಿತ ಮಾಸ್ತರ್, ಆಳಂದ:
ಮುನೀಮರೆ, ಎರಡೂ ಮಾಡಿದರೆ ತುಂಬಾ ಗಟ್ಟಿ. ಎರಡನ್ನೂ ದಾಟಿ ಉಳಿಯುವ ತಪ್ಪು 90, 180, 270 ಹೀಗೆ ತೊಂಬತ್ತರ ಮಗ್ಗಿಯಲ್ಲೇ ಇರಬೇಕು. ಎಂಟು ಚೀಲಕ್ಕೆ 404ರ ಬದಲು 494 ಬಂದರೆ ಕಣ್ಣಿಗೇ ಹೊಡೆಯುತ್ತದೆ.

ಕಿರಾಣಿ ಅಕ್ಕ, ಶಹಾಬಾದ್:
ಇಷ್ಟೆಲ್ಲಾ ಪರೀಕ್ಷೆ ಮಾಡುತ್ತಾ ಕೂತರೆ ನನ್ನ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ ಅಣ್ಣಾರೆ. 48, 29, 65, 32 ಬಂದರೆ ನಾನು 50, 80 ಅಂತೀನಿ, ಕೂಡಲೇ ಮೂರು ಕಳೆದು 77. ಆಮೇಲೆ 142, 174. ಕಳೆಯುವುದನ್ನು ಕೊನೆಗೆ ಅಂತ ಇಟ್ಟುಕೊಳ್ಳೋದಿಲ್ಲ. ಗಿರಾಕಿ ನಡುವೆ "ಸಕ್ಕರೆ ಎಷ್ಟು?" ಅಂದರೆ ಅದು ಮರೆತೇ ಹೋಗುತ್ತದೆ.

ಗಂಜ್ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಕಾಕಾ, ಐವತ್ತರ ಲೆಕ್ಕ ಇವತ್ತು ಬೆಳಿಗ್ಗೆಯೇ ಮಾಡಿ ನೋಡಿದೆ, ಭಾರೀ ಸಲೀಸು. ಒಂದು ಅನುಮಾನ. ಎಲ್ಲಾ ಐವತ್ತರ ಹತ್ತಿರ ಇದ್ದು ನಡುವೆ ಒಂದು ಚೀಲ 78 ಬಂದರೆ? 28 ಜಾಸ್ತಿ ಅಂತ ಹೊತ್ತುಕೊಂಡೇ ಹೋಗಬೇಕಾ?

ನಿವೃತ್ತ ಮುನೀಮ:
ಬೇಡ. ಆ 78ಕ್ಕೆ ಚೀಟಿಯಲ್ಲಿ ಒಂದು ಸುತ್ತು ಹಾಕಿ ಬಿಡು, ಚೀಲದ ಎಣಿಕೆಯಲ್ಲೂ ಹಿಡಿಯಬೇಡ. ಉಳಿದ ಏಳು ಚೀಲದ ಲೆಕ್ಕ ಮೊದಲು ಮುಗಿಸು. ಏಳಕ್ಕೆ ಮುನ್ನೂರೈವತ್ತು, ಮೇಲೆ ಜಾಸ್ತಿ ಕಡಿಮೆ ಎಷ್ಟಿದೆಯೋ ಅಷ್ಟು. ಆಮೇಲೆ 78 ಸೇರಿಸು. ಅಂಥ ಚೀಲ ಮೂರು ನಾಲ್ಕು ಬಂದರೆ ಐವತ್ತು ಬಿಟ್ಟು ಗೆಣ್ಣಿಗೆ ಬಾ. ಮೊಬೈಲ್‌ಗೆ ನನ್ನ ತಕರಾರಿಲ್ಲ. ರೈತನ ಕೈಗೆ ಪಟ್ಟಿ ಕೊಡುವ ಮುಂಚೆ ಅದರಲ್ಲೂ ಒಮ್ಮೆ ಒತ್ತಿ ನೋಡು.