ಮರು: ‘ಬ್ಯಾಕಪ್’ಗೆ ಕನ್ನಡ ಪದ (ತುರ್ತು) – ‘ನಕಲು’ ಮಾತ್ರ ಬೇಡ

> ಮನೆಯಲ್ಲಿ ಕಂಪ್ಯೂಟರ್ ಬಳಸುವವರಿಗೆ ಗ್ರಂಥಾಲಯದಲ್ಲಿ ಹಂಚುವ ಕರಪತ್ರ. ಶನಿವಾರ ಅಚ್ಚಿಗೆ ಹೋಗಬೇಕು. ‘ನಿಮ್ಮ ಫೈಲುಗಳನ್ನು ______ ಮಾಡಿ.’ ಇಲ್ಲಿ ‘ನಕಲು’ ಸಾಕಾ?

ಸಾಲದು ಮೇಡಂ. ದಯವಿಟ್ಟು ಹಾಕಬೇಡಿ. ಬ್ಯಾಕಪ್ ಅಂದರೆ ಮೂಲ ಫೈಲು ಕೆಟ್ಟರೂ ಉಳಿಯಲೆಂದು ಬೇರೆ ಕಡೆ ಇಡುವ ಪ್ರತಿ.

ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ಕರಪತ್ರವನ್ನು ನಾನು ಕನ್ನಡಕ್ಕೆ ತಂದಿದ್ದೆ. ‘ಮುಖ್ಯವಾದ ಫೈಲುಗಳನ್ನು ನಕಲು ಮಾಡಿಕೊಳ್ಳಿ’ ಅಂತ ಬರೆದೆ. ನಮ್ಮ ಬೀದಿಯ ಮೇಷ್ಟ್ರೊಬ್ಬರು ಅದನ್ನು ಓದಿ, ಮಗಳ ಮದುವೆಯ ಫೋಟೋಗಳನ್ನೆಲ್ಲ ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ನಕಲು ಮಾಡಿದರು. ಹೇಳಿದ ಹಾಗೇ ಮಾಡಿದ್ದರು. ಆದರೆ ಅವರ ಕಂಪ್ಯೂಟರಿನಲ್ಲಿ ಸಿ, ಡಿ ಎರಡೂ ಒಂದೇ ಹಾರ್ಡ್ ಡಿಸ್ಕಿನ ಎರಡು ಭಾಗ. ಡಿಸ್ಕ್ ಕೆಟ್ಟ ದಿನ ಎರಡೂ ಒಟ್ಟಿಗೆ ಹೋದವು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿನಿಂದ ಈ ಪದದ ವಿಷಯದಲ್ಲಿ ನನಗೆ ಸುಮ್ಮನಿರಲು ಆಗುವುದಿಲ್ಲ.

‘ನಕಲು’ ಅಂದರೆ ಅದರಂಥದ್ದೇ ಇನ್ನೊಂದು ಮಾಡುವುದು. ಎಲ್ಲಿಡಬೇಕು, ಯಾಕಿಡಬೇಕು ಅನ್ನುವುದು ಆ ಪದದೊಳಗೆ ಇಲ್ಲವೇ ಇಲ್ಲ. ಜೊತೆಗೆ ಪರೀಕ್ಷೆಯ ನಕಲು, ನಕಲಿ ನೋಟು ಎಲ್ಲವೂ ಅದರ ಹಿಂದೆಯೇ ಬರುತ್ತವೆ.

ಇಲ್ಲಿ ಬಂದ ಬೇರೆ ಸಲಹೆಗಳನ್ನೂ ನೋಡಿದೆ. ‘ಬೆಂಬಲ’ದಲ್ಲಿ ಬೆನ್ನು ಇದೆ, ಆದ್ದರಿಂದ ಬ್ಯಾಕಪ್‌ಗೆ ಸರಿಹೋಗುತ್ತದೆ ಎಂಬ ವಾದ ಬಿಡಿ ಸರ್. ‘ಈ ಫೈಲಿಗೆ ಬೆಂಬಲವಿಲ್ಲ’ ಅಂತ ಪರದೆಯ ಮೇಲೆ ಓದಿದವರಿಗೆ ಆ ಪದ ಬೇರೆ ಅರ್ಥದಲ್ಲಿ ಗಟ್ಟಿಯಾಗಿದೆ. ‘ಬೆಂಗಾವಲು ಪ್ರತಿ’ ಚೆನ್ನಾಗಿದೆ, ಹಿಂದೆ ನಿಂತು ಕಾಯುವುದು ಅನ್ನುವ ಅರ್ಥವೂ ಇದೆ. ಆದರೆ ಈಗ ಜನರಿಗೆ ಬೆಂಗಾವಲು ಅಂದರೆ ಮಂತ್ರಿಗಳ ಕಾರಿನ ಜೊತೆ ಹೋಗುವ ಪೊಲೀಸ್ ಜೀಪು. ‘ದತ್ತಾಂಶ ಸಂರಕ್ಷಣಾ ಪ್ರತಿರೂಪ’ ಬೇಡ. ಓದುವವರು ಅರ್ಧಕ್ಕೇ ಬಿಡುತ್ತಾರೆ.

‘ಕಾಪಿಡು’ ತುಂಬಾ ಹತ್ತಿರ ಬಂತು. ಕಾಪಾಡು ಗೊತ್ತಿದ್ದವರಿಗೆ ಅದು ಹೊಸದೇನಲ್ಲ. ಯಾರಾದರೂ ‘ಕಾಪಿ ಇಡು’ ಅಂತ ತಪ್ಪಾಗಿ ಬಿಡಿಸಿಕೊಂಡರೂ ಅರ್ಥ ಕೆಡುವುದಿಲ್ಲ! ಆದರೂ ‘ಬೇರೆ ಜಾಗದಲ್ಲಿ’ ಅನ್ನುವುದು ಅದರಲ್ಲೂ ಇಲ್ಲ. ಮೇಷ್ಟ್ರು ಡಿ ಡ್ರೈವ್‌ನಲ್ಲೇ ಕಾಪಿಡುತ್ತಿದ್ದರು.

ನಾನು ಹೇಳುವ ಪದ ‘ಎತ್ತಿಡು’. ‘ಅಣ್ಣ ಬರುವುದು ತಡವಾಗುತ್ತೆ, ಅವನಿಗೆ ಎರಡು ರೊಟ್ಟಿ ಎತ್ತಿಡು’ ಅಂತ ಅಮ್ಮ ಹೇಳಿದರೆ ಮನೆಯಲ್ಲಿ ಯಾರಿಗೂ ವಿವರಿಸಬೇಕಿಲ್ಲ. ರೈತರು ಬಿತ್ತನೆ ಬೀಜವನ್ನು ಊಟದ ಕಾಳಿನ ಜೊತೆ ಬಿಡುವುದಿಲ್ಲ, ಎತ್ತಿಡುತ್ತಾರೆ. ಬೇರೆ ಕಡೆ ಇರಬೇಕು, ಮುಂದೆ ಬೇಕಾಗುತ್ತದೆ, ಅಲ್ಲಿಯವರೆಗೆ ಕೈ ಹಾಕಬಾರದು. ಇಷ್ಟೂ ಆ ಒಂದೇ ಪದದಲ್ಲಿದೆ. ಕೊರತೆ ಒಂದೇ. ಎತ್ತಿಟ್ಟರೆ ಮೊದಲಿದ್ದ ಜಾಗ ಖಾಲಿಯಾಗುತ್ತದೆ. ಅದಕ್ಕೇ ‘ಒಂದು ಪ್ರತಿ ಎತ್ತಿಡಿ’ ಅನ್ನಬೇಕು. ನಾಮಪದ ಬೇಕಾದರೆ ‘ಎತ್ತಿಟ್ಟ ಪ್ರತಿ’. ಅರಿಸಮಾಸ (ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸುವ ದೋಷ) ಅಂತ ಯಾರೂ ಬರೆಯಬೇಡಿ. ಇದು ಗಮಕ ಸಮಾಸ, ಅಂದರೆ ‘ಎತ್ತಿಟ್ಟ’ದಂಥ ಪದ ಮೊದಲು ಬರುವ ಜೋಡಣೆ. ಇಲ್ಲಿ ಆ ದೋಷ ಬರುವುದಿಲ್ಲ.

> ಪ್ರತಿ ಸಂಸ್ಕೃತ, ಬ್ಯಾಕಪ್ ಇಂಗ್ಲಿಷ್. ಎರಡೂ ಬೇಡ. ಅಚ್ಚಗನ್ನಡದ ‘ನಕಲು’ ಇದೆಯಲ್ಲ!

ಇದನ್ನು ಓದಿ ಬೇಸರವಾಯಿತು. ನಕಲು ಅರಬ್ಬಿಯಿಂದ ಬಂದ ಪದ. ಅದರ ಜೋಡಿ ‘ಅಸಲು’ ಕೂಡ ಅಲ್ಲಿಯದೇ. ಅವು ಬಂದು ಕನ್ನಡದ್ದಾದವು, ಸಂತೋಷ. ಹಾಗಿದ್ದ ಮೇಲೆ ‘ಪ್ರತಿ’ಗೆ ಯಾಕೆ ಬಾಗಿಲು ಹಾಕಬೇಕು? ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದ ಕತೆ ನಮಗೆಲ್ಲ ಗೊತ್ತು. ಅದು ಹತ್ತನೇ ಶತಮಾನದ ಮಾತು. ಓಲೆಗರಿಗೆ ಹುಳ ಹಿಡಿಯುತ್ತದೆ, ಬೆಂಕಿ ತಗಲುತ್ತದೆ. ಸಾವಿರ ಮನೆಗಳಲ್ಲಿದ್ದರೆ ಕೃತಿ ಉಳಿಯುತ್ತದೆ. ಇಂದು ನಾವು ಪದ ಹುಡುಕುತ್ತಿರುವ ಕೆಲಸವೂ ಇದೇ ಅಲ್ವಾ? ಆ ಕೆಲಸದ ಜೊತೆ ಇಷ್ಟು ಕಾಲ ಬಾಳಿದ ಪದವನ್ನು ಹೊರಗಿನದು ಅಂತ ತಳ್ಳುವುದು ನನಗೆ ಒಪ್ಪಿಗೆಯಿಲ್ಲ.

‘ಬ್ಯಾಕಪ್’ ಪದವನ್ನೂ ಪೂರ್ತಿ ತೆಗೆಯಬೇಡಿ. ಫೋನಿನಲ್ಲಿ ಕನ್ನಡ ಆಯ್ದುಕೊಂಡರೂ ಗುಂಡಿಯ ಮೇಲೆ ಜಾಸ್ತಿ ಕಾಣುವುದು ಅದೇ. ಕರಪತ್ರದಲ್ಲಿ ಒಮ್ಮೆ ಇರಲಿ. ‘ಸಿಂಕ್’ (ಎರಡು ಕಡೆಯ ಫೈಲುಗಳನ್ನು ಸದಾ ಒಂದೇ ಥರ ಇಡುವುದು) ಇದ್ದರೆ ಅದನ್ನೂ ಹಾಗೇ ಬಿಡಿ, ಆದರೆ ಎತ್ತಿಡುವುದರ ಜೊತೆ ಬೆರೆಸಬೇಡಿ. ಸಿಂಕ್‌ನಲ್ಲಿ ಈ ಕಡೆ ಅಳಿಸಿದ್ದು ಆ ಕಡೆಯೂ ಅಳಿಯುತ್ತದೆ. ಎತ್ತಿಟ್ಟದ್ದನ್ನು ವಾಪಸ್ ಪಡೆಯುವುದಕ್ಕೆ ‘ಮರುಸ್ಥಾಪನೆ’ ಬದಲು ‘ಮರಳಿ ತರುವುದು’ ಸಾಕು.

ಅಚ್ಚಿಗೆ ಹೀಗೆ ಕೊಡಬಹುದು:

‘ನಿಮ್ಮ ಫೈಲುಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಎತ್ತಿಡಿ (ಬ್ಯಾಕಪ್). ಅದೇ ಕಂಪ್ಯೂಟರಿನ ಇನ್ನೊಂದು ಡ್ರೈವ್ ಆಗದು. ಕೆಲಸ ಮುಗಿದ ಮೇಲೆ ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ ಇಡಿ. ಇನ್ನೊಂದು ಪ್ರತಿ ಮನೆಯಿಂದ ಹೊರಗಿರಲಿ. ಆಗಾಗ ಒಂದೆರಡು ಫೈಲು ಮರಳಿ ತಂದು, ತೆರೆದು ನೋಡಿ.’

‘ಬಿಡಿಸಿ ಇಡಿ’ ಅನ್ನುವ ಸಾಲನ್ನು ಜಾಗ ಸಾಲದೆಂದು ಕತ್ತರಿಸಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕೆಡುಕಿನ ತಂತ್ರಾಂಶ ಬಂದಾಗ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಅಂಥವು ಸಿಕ್ಕಿಸಿಯೇ ಬಿಟ್ಟ ಡಿಸ್ಕಿಗೂ ಕೈ ಹಾಕುತ್ತವೆ.

‘ಫೈಲು’ ಬದಲು ‘ಕಡತ’ ಆಗಬಹುದಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಕಡತ ಒಳ್ಳೆಯ ಪದ. ಹುಣಸೆ ಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆಯುತ್ತಿದ್ದ ಲೆಕ್ಕದ ಪುಸ್ತಕ ಅದು. ಅದರ ಚರ್ಚೆ ಬೇರೆ ಎಳೆಯಲ್ಲಿ ಮಾಡೋಣ, ನನಗೂ ಹೇಳುವುದಿದೆ. ಈ ಕರಪತ್ರಕ್ಕೆ ಫೈಲು ಅಂತಲೇ ಇರಲಿ. ಕರಡು ಕಳಿಸಿದರೆ ಶುಕ್ರವಾರ ರಾತ್ರಿಯೊಳಗೆ ತಿದ್ದಿ ಕೊಡುತ್ತೇನೆ.