ಧರ್ಮಸ್ಥಳ ಪಾದಯಾತ್ರೆ: ಮಂಡಿನೋವಿರುವವರು ಯಾವ ಭಾಗವನ್ನು ಬಿಡಬೇಕು?

ಪ್ರಶ್ನೆ (ಬಸವೇಶ್ವರನಗರದಿಂದ):

ಎರಡು ವರ್ಷಗಳ ಹಿಂದೆ ನಮ್ಮ ಯಜಮಾನರಿಗೆ ಹೃದಯದ ಶಸ್ತ್ರಚಿಕಿತ್ಸೆಯಾದಾಗ, ಅವರು ಎದ್ದು ಓಡಾಡುವಂತಾದರೆ ಮನೆಯಿಂದಲೇ ನಡೆದು ಬಂದು ಮಂಜುನಾಥಸ್ವಾಮಿಯ ದರ್ಶನ ಮಾಡುತ್ತೇನೆಂದು ಹರಕೆ ಹೊತ್ತು, ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿಟ್ಟಿದ್ದೇನೆ. ಅವರು ಈಗ ಆರೋಗ್ಯವಾಗಿದ್ದಾರೆ. ಬರುವ ಶಿವರಾತ್ರಿಗೆ ನಮ್ಮ ಬಡಾವಣೆಯ ತಂಡದೊಂದಿಗೆ ಹೊರಡಬೇಕೆಂದಿರುವಾಗ, ನನ್ನ ಬಲ ಮಂಡಿಯ ಮೃದ್ವಸ್ಥಿ ಸವೆದಿದೆಯೆಂದೂ ದಿನಕ್ಕೆ 15 ಕಿಲೋಮೀಟರಿಗಿಂತ ಹೆಚ್ಚು ನಡೆಯಬಾರದೆಂದೂ ವೈದ್ಯರು ಹೇಳಿದ್ದಾರೆ. ತಂಡದವರು ದಿನಕ್ಕೆ 35 ಕಿಲೋಮೀಟರ್ ನಡೆಯುತ್ತಾರೆ. ಸಾಮಾನು ಸಾಗಿಸುವ ಟೆಂಪೋದಲ್ಲಿ ನನಗೊಂದು ಜಾಗ ಕೊಡಲು ಒಪ್ಪಿದ್ದಾರೆ. ನೆಲಮಂಗಲದಿಂದ ಹಾಸನದವರೆಗಿನ ಹೆದ್ದಾರಿಯನ್ನು ಬಿಡಬೇಕೋ, ಚಾರ್ಮಾಡಿ ಘಾಟಿಯನ್ನು ಬಿಡಬೇಕೋ ತಿಳಿಯುತ್ತಿಲ್ಲ. ಯಾವುದೇ ಭಾಗವನ್ನು ಬಿಟ್ಟರೂ ಹರಕೆ ತೀರಿದಂತಾಗುತ್ತದೆಯೇ ಎಂಬುದು ಅದಕ್ಕಿಂತ ದೊಡ್ಡ ಚಿಂತೆ. ನನಗೆ 54 ವರ್ಷ.

ಉತ್ತರ (ವಿಜಯನಗರದಿಂದ, ಹನ್ನೊಂದು ಬಾರಿ ನಡೆದವರು):

ಅಮ್ಮಾ, ಹೆದ್ದಾರಿಯನ್ನು ಬಿಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕುಣಿಗಲ್, ಎಡೆಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ ದಾಟಿ ಹಾಸನ ಸೇರುವ ಈ ದಾರಿಯಲ್ಲಿ ನೆರಳು ಕಡಿಮೆ, ಲಾರಿಗಳು ಹೆಚ್ಚು. ಬಿಸಿಲಿಗೆ ಹೆದರಿ ತಂಡಗಳು ಬೆಳಗಿನ ಜಾವ ಮೂರು ಗಂಟೆಗೇ ಹೊರಡುವುದರಿಂದ ಕತ್ತಲಲ್ಲಿ ರಸ್ತೆಯಂಚಿನಲ್ಲಿ ನಡೆಯಬೇಕಾಗುತ್ತದೆ. ಅಧಿಕ ಜ್ಯೇಷ್ಠದ ಕಾರಣದಿಂದ 2026ರಲ್ಲಿ ಫೆಬ್ರವರಿ 15ಕ್ಕೆ ಬಂದಿದ್ದ ಶಿವರಾತ್ರಿ 2027ರಲ್ಲಿ ಮಾರ್ಚ್ 6ಕ್ಕೆ ಬೀಳುತ್ತದೆ. ಈ ಮೂರು ವಾರಗಳ ಅಂತರವು ಡಾಂಬರಿನ ಮೇಲೆ ನಡೆಯುವವರ ಅಂಗಾಲಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಹೆದ್ದಾರಿಯಲ್ಲಿ ನಡೆಯಲೇಬೇಕಾದ ಕಡೆ ಎದುರಿನಿಂದ ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಿರಿ, ಹೊಳೆಯುವ ಪಟ್ಟಿಯ ಜಾಕೆಟ್ ತೊಡಿ. ಚಾರ್ಮಾಡಿಯನ್ನು ಮಾತ್ರ ಬಿಡಬೇಡಿ. ಕೊಟ್ಟಿಗೆಹಾರದಿಂದ ಇಳಿಯುತ್ತ, ದಾರಿಯಲ್ಲಿ ಅಣ್ಣಪ್ಪಸ್ವಾಮಿಗೆ ಕೈಮುಗಿದು, ಸಾವಿರಾರು ಜನರ ನಡುವೆ ಸಾಗುವಾಗಲೇ ಈ ಯಾತ್ರೆ ಏನೆಂಬುದು ತಿಳಿಯುವುದು.

ಉತ್ತರ (ಜಯನಗರದಿಂದ, ಫಿಸಿಯೋಥೆರಪಿಸ್ಟ್):

ಮೇಲಿನವರ ಅನುಭವಕ್ಕೆ ಗೌರವವಿಟ್ಟೇ ಅವರ ಕೊನೆಯ ಮಾತನ್ನು ಒಪ್ಪಲಾರೆ. ಬೆಂಗಳೂರಿನ ಕಡೆಯಿಂದ ಹೋಗುವವರಿಗೆ ಚಾರ್ಮಾಡಿಯು ಸುಮಾರು 25 ಕಿಲೋಮೀಟರ್‌ಗಳ ಇಳಿಜಾರು. ಏರುವಾಗ ಉಸಿರು ಕಟ್ಟುತ್ತದೆ, ಆದರೆ ಸವೆದ ಮಂಡಿಗೆ ನಿಜವಾದ ಶತ್ರು ಇಳಿಜಾರೇ; ಇಳಿಯುವಾಗ ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕಾಗಿರುವುದರಿಂದ ಮಂಡಿಚಿಪ್ಪಿನ ಹಿಂಭಾಗದ ಮೇಲೆ ಬೀಳುವ ಒತ್ತಡ ಸಮತಟ್ಟಿನ ನಡಿಗೆಗಿಂತ ಬಹಳ ಹೆಚ್ಚಾಗುತ್ತದೆ. ಅದೂ ಏಳೆಂಟು ದಿನ ನಡೆದು ಸ್ನಾಯುಗಳು ದಣಿದಿರುವಾಗ ಈ ಇಳಿಜಾರು ಎದುರಾಗುತ್ತದೆ. ಲಾಲ್‌ಬಾಗಿನಲ್ಲಿ ದಿನಕ್ಕೆ ನಾಲ್ಕು ಸುತ್ತು ಹಾಕಿ ತಯಾರಿಯಾಯಿತು ಎಂದುಕೊಳ್ಳುವವರು ಇದನ್ನು ಮರೆಯುತ್ತಾರೆ. ನೀವು ಒಂದು ಭಾನುವಾರ ನಂದಿಬೆಟ್ಟದ ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರ್ ಇಳಿದು ನೋಡಿ. ಮರುದಿನ ಬೆಳಿಗ್ಗೆ ಮಂಡಿ ಊದಿಕೊಂಡಿದ್ದರೆ ಘಾಟಿಯನ್ನು ಟೆಂಪೋದಲ್ಲೇ ಇಳಿಯಿರಿ. ನೋವಿಲ್ಲದಿದ್ದರೂ ಎರಡು ಕೈಗೂ ಊರುಗೋಲು ಹಿಡಿದು, ಹೆಜ್ಜೆಯನ್ನು ಚಿಕ್ಕದಾಗಿಡಿ. ನೋವಿನ ಮಾತ್ರೆ ನುಂಗಿ ನಡೆಯುವುದನ್ನು ದಯವಿಟ್ಟು ಮಾಡಬೇಡಿ. ನಿಲ್ಲು ಎಂದು ಮಂಡಿ ಹೇಳುವುದು ನೋವಿನ ಮೂಲಕ ಮಾತ್ರ.

ಉತ್ತರ (ಮಲ್ಲೇಶ್ವರದಿಂದ):

ಹರಕೆಯ ಚಿಂತೆ ನನಗೆ ಅರ್ಥವಾಗುತ್ತದೆ ತಂಗಿ, ಏಕೆಂದರೆ ನಾನೂ ಅದನ್ನು ಅನುಭವಿಸಿದ್ದೇನೆ. ನಾನು ಪಾದಯಾತ್ರೆಗೆ ಹೋಗಿದ್ದ ವರ್ಷ ಹಿರೀಸಾವೆಯ ಹತ್ತಿರ ಎರಡೂ ಅಂಗಾಲಿನ ಬೊಬ್ಬೆಗಳು ಒಡೆದು, ಹಾಸನದವರೆಗೆ ಟೆಂಪೋದಲ್ಲಿ ಕುಳಿತೆ. ರಸ್ತೆಬದಿಯ ಅರವಟ್ಟಿಗೆಯಲ್ಲಿ ಯಾರೋ ಮಜ್ಜಿಗೆ ತಂದುಕೊಟ್ಟರೆ, ನಡೆಯದವಳಿಗೆ ಇದನ್ನು ಕುಡಿಯುವ ಹಕ್ಕಿಲ್ಲವೆನಿಸಿ ಹಾಗೆಯೇ ಹಿಂದಿರುಗಿಸಿದೆ. ಊರಿಗೆ ಬಂದ ಮೇಲೂ ಯಾರಿಗೂ ಹೇಳಲಿಲ್ಲ. ಅದರ ಮುಂದಿನ ವರ್ಷ ಬಸ್ಸಿನಲ್ಲಿ ಹೋಗಿ ಸನ್ನಿಧಿಯಲ್ಲಿ ತಪ್ಪುಕಾಣಿಕೆ ಹಾಕಿದಾಗಲೇ ಎದೆ ಹಗುರವಾಯಿತು. ತಪ್ಪುಕಾಣಿಕೆ ಎಂಬ ಪದ್ಧತಿಯನ್ನು ನಮ್ಮ ಹಿರಿಯರು ಇಟ್ಟಿರುವುದೇ, ಹೊತ್ತ ಹರಕೆಯನ್ನು ಹೊತ್ತಂತೆಯೇ ತೀರಿಸಲಾಗದ ನಮ್ಮಂಥವರಿಗಾಗಿ. ನೀವು ನನ್ನ ಹಾಗೆ ಕೊನೆಯವರೆಗೆ ಕಾಯಬೇಡಿ. ಹೊರಡುವ ದಿನವೇ ಮುಡಿಪಿನ ಮುಂದೆ ಕುಳಿತು, ಎಲ್ಲಿಂದ ಎಲ್ಲಿಯವರೆಗೆ ನಡೆಯುತ್ತೇನೆ, ಎಲ್ಲಿ ವಾಹನ ಹತ್ತುತ್ತೇನೆ ಎಂಬುದನ್ನು ಸ್ವಾಮಿಗೆ ಬಾಯಿಬಿಟ್ಟು ಹೇಳಿ, ತಪ್ಪುಕಾಣಿಕೆಯನ್ನು ಅದರ ಜೊತೆಗೇ ಕಟ್ಟಿಕೊಳ್ಳಿ. ಮನೆಯಿಂದ ನಡೆದು ಬರುತ್ತೇನೆ ಎಂದಿದ್ದೀರಲ್ಲವೇ? ಹಾಗಾದರೆ ಹೊಸಿಲಿನಿಂದ ಮೊದಲ ಹೆಜ್ಜೆಯನ್ನೂ ಸನ್ನಿಧಿಯ ಕೊನೆಯ ಹೆಜ್ಜೆಯನ್ನೂ ಮಾತ್ರ ಬಿಡಬೇಡಿ.

ಪ್ರಶ್ನೆ ಕೇಳಿದವರು:

ಮೂವರಿಗೂ ನಮಸ್ಕಾರ. ಕೊನೆಯ ಉತ್ತರವನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಮೊದಲ ದಿನ ತಾವೂ ಸ್ವಲ್ಪ ದೂರ ಜೊತೆಗೆ ಬರುವುದಾಗಿ ಹೇಳಿದರು. ಮನೆಯಿಂದ ಗೊರಗುಂಟೆಪಾಳ್ಯ, ದಾಸರಹಳ್ಳಿ ದಾರಿಯಾಗಿ ಮಾದಾವರದವರೆಗೆ ತಂಡದೊಂದಿಗೆ ನಡೆದು, ಅಲ್ಲಿಂದ ಮೆಟ್ರೋದಲ್ಲಿ ಹಿಂದಿರುಗುತ್ತೇನೆ. ತಂಡ ಹಾಸನ ತಲುಪುವ ದಿನ ಬಸ್ಸಿನಲ್ಲಿ ಹೋಗಿ ಸೇರಿಕೊಂಡು, ಬೇಲೂರು, ಮೂಡಿಗೆರೆಯ ದಾರಿಯಲ್ಲಿ ಬೆಳಗಿನ ಹೊತ್ತು ಮಾತ್ರ ನಡೆದು, ಬಿಸಿಲೇರಿದ ಮೇಲೆ ಟೆಂಪೋ ಹತ್ತುತ್ತೇನೆ. ಘಾಟಿಯ ವಿಷಯವನ್ನು ನಂದಿಬೆಟ್ಟದ ಪರೀಕ್ಷೆಗೆ ಬಿಟ್ಟಿದ್ದೇನೆ. ಮಂಡಿ ಒಪ್ಪದಿದ್ದರೆ ಅಣ್ಣಪ್ಪಸ್ವಾಮಿಯ ಗುಡಿಯ ಬಳಿ ಮಾತ್ರ ಇಳಿದು ಕೈಮುಗಿಯುತ್ತೇನೆ. ಉಜಿರೆಯಿಂದ ಧರ್ಮಸ್ಥಳಕ್ಕೆ ಸುಮಾರು 9 ಕಿಲೋಮೀಟರ್. ಅಷ್ಟನ್ನು ನಡೆದು, ನೇತ್ರಾವತಿಯಲ್ಲಿ ಮಿಂದು, ಮುಡಿಪನ್ನು ಒಪ್ಪಿಸುತ್ತೇನೆ. ಊರುಗೋಲುಗಳನ್ನು ಇಂದೇ ತರಿಸಿದ್ದೇನೆ.